ಪಂಪು ಹಿಡಿದು ಕೂತವಳು

೧೮ ಆಗಸ್ಟ್ ೧೯೯೭, ಸೋಮವಾರ

ಈ ಡೈರಿ ಜನವರಿಯಿಂದ ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ತೆಗೆದಿದ್ದೇನೆ. ಈ ಮನೆಯಲ್ಲಿ ನಾನು ಬಾಯಿ ತೆರೆದರೆ ಇವರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ, ಅತ್ತೆ ಕಣ್ಣು ಮುಚ್ಚಿ ಜಪಕ್ಕೆ ಕೂಡುತ್ತಾರೆ. ಕಾಗದಕ್ಕಾದರೆ ಎದ್ದು ಹೋಗಲು ಕಾಲಿಲ್ಲ. ಗಂಡನ ಹೆಸರು ಬರೆಯಬಾರದು ಎನ್ನುತ್ತಾರೆ, ಆದರೆ ನನ್ನ ಡೈರಿಯಲ್ಲಿ ಯಾರ ಹೆದರಿಕೆ? ಅಪ್ಪಾಸಾಹೇಬರು. ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕ್. ಮನೆಯಲ್ಲಿ ಮೌನಿಬಾಬಾ.

ಇವತ್ತು ಮಗಳು ರೇಣುವನ್ನು ಕ್ಯಾಂಪ್ ಪೇಟೆಯಲ್ಲಿರುವ ಹೊಸ ಡಾಕ್ಟರ ಬಾಯಿಯ ಹತ್ತಿರ ಕರೆದುಕೊಂಡು ಹೋಗಿದ್ದೆ. ಪಾರಸನೀಸ ಅಂತ ಹೆಸರು, ನನ್ನ ತಂಗಿಯ ವಯಸ್ಸಿನವಳು. ರೇಣುಗೆ ಏಳನೇ ವರ್ಷದಿಂದ ದಮ್ಮು. ಈಗ ಹತ್ತೊಂಬತ್ತು, ಕಾಲೇಜು, ಜೊತೆಗೆ ಖೋ-ಖೋ ಎಂಬ ಹುಚ್ಚು. ಈ ಹುಚ್ಚನ್ನಾದರೂ ಬಿಡಿಸುತ್ತಾಳೆ ಎಂದು ಕರೆದುಕೊಂಡು ಹೋದರೆ ಆ ಬಾಯಿ ಹೇಳಿದ್ದು, ಆಟ ಬಿಡಿಸಲೇಬೇಡಿ, ಆಡುವ ಮುಂಚೆ ಔಷಧದ ಪಂಪು ಬಾಯಿಗಿಟ್ಟು ಎಳೆದುಕೊಳ್ಳಲಿ, ಮನೆಯಲ್ಲಿ ಹೊಗೆ ಬೇಡ ಎಂದು.

ನಮ್ಮ ಮನೆಯಲ್ಲಿ ಬೀಡಿ ಸೇದುವವರು ಯಾರೂ ಇಲ್ಲ ಎಂದೆ. ದೇವರ ಮುಂದೆ ಧೂಪ ಹಾಕುತ್ತೀರಾ ಎಂದಳು. ಹಾಕದೆ ಇರುತ್ತಾರೆಯೇ? ಅದರಲ್ಲೂ ಸೋಮವಾರದ ಧೂಪ ನಾನು ರೇಣುವಿನ ದಮ್ಮು ಹೋಗಲಿ ಎಂದು ಹೊತ್ತ ಹರಕೆ. ಅವಳು ಏಳು ವರ್ಷದವಳಿದ್ದಾಗ ಶುರು ಮಾಡಿದ್ದು, ಒಂದು ಸೋಮವಾರ ತಪ್ಪಿಲ್ಲ. ಕೆಂಡದ ಮೇಲೆ ಧೂಪ ಉದುರಿಸಿ, ರೇಣುವನ್ನು ಎದುರಿಗೆ ಕೂರಿಸಿ, ಸೆರಗಿನಿಂದ ಹೊಗೆಯನ್ನು ಅವಳ ಮುಖದ ಕಡೆಗೇ ಬೀಸುತ್ತೇನೆ. ಅದೇ ಕಾರಣವಂತೆ! ಎರಡು ಅಕ್ಷರ ಕಲಿತರೆ ದೇವರ ಹೊಗೆಗೂ ಲಾರಿ ಹೊಗೆಗೂ ವ್ಯತ್ಯಾಸ ತಿಳಿಯುವುದಿಲ್ಲ ಇವರಿಗೆ. ಮನೆಗೆ ಬಂದು ಇವತ್ತು ಒಂದು ಹಿಡಿ ಹೆಚ್ಚೇ ಹಾಕಿದೆ.

ಪಂಪಿನ ವಿಷಯ ಮಾತ್ರ ಒಪ್ಪಿದ್ದೇನೆ, ಬೇರೆ ದಾರಿ ಇಲ್ಲ. ಆದರೆ ನಾದಿನಿ ಅಂಬಾಬಾಯಿ ಹೇಳುವುದು ಸುಳ್ಳಲ್ಲ. "ವೈನಿ, ಲಗ್ನ ಆಗೂತನಕಾ ಯಾರ ಕಿವೀಗೂ ಬೀಳಗೊಡಬ್ಯಾಡ್ರಿ. ದಮ್ಮಿನ ಹುಡುಗಿ ಅಂತ ಒಮ್ಮೆ ಹೆಸರು ಬಿತ್ತಂದ್ರ ಮುಗೀತು." ರೇಣುಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಪಂಪು ತೆಗೆದುಕೊಳ್ಳಬೇಕಾದರೆ ಸಂಡಾಸದ ಬಾಗಿಲು ಹಾಕಿಕೊಂಡು ತೆಗೆದುಕೊ. ನಾಲ್ಕು ಜನರ ಎದುರು ತೆಗೆದರೆ ಕೈ ಮುರಿಯುತ್ತೇನೆ.


೨ ಸೆಪ್ಟೆಂಬರ್

ರೇಣು ಪುಣೆ ಜಿಲ್ಲೆಯ ತಂಡದ ಶಿಬಿರಕ್ಕೆ ಆಯ್ಕೆಯಾಗಿದ್ದಾಳೆ. ಡಿಸೆಂಬರಿನಲ್ಲಿ ರಾಜ್ಯದ ಪಂದ್ಯ, ಇಲ್ಲೇ ಪುಣೆಯಲ್ಲಿ. ಅಲ್ಲಿ ಚೆನ್ನಾಗಿ ಆಡಿದರೆ ಮಹಾರಾಷ್ಟ್ರದ ತಂಡವಂತೆ. ಕುಣಿಯುತ್ತಾ ಬಂದು ಹೇಳಿದಳು. ಕುಣಿದ ಮೇಲೆ ಕೆಮ್ಮಿದಳು.

ಅವರ ಕೋಚ್ ಧುಮಾಳ ಎಂಬ ಮನುಷ್ಯ. ದೊಡ್ಡ ಮೀಸೆ, ಸೀಟಿಯನ್ನು ತಾಯಿತದ ಹಾಗೆ ಕೊರಳಲ್ಲಿ ಕಟ್ಟಿಕೊಂಡೇ ಮಲಗುತ್ತಾನೋ ಏನೋ. ಎರಡು ವರ್ಷದಿಂದ ಆಡಿಸುತ್ತಿದ್ದಾನೆ, ದಮ್ಮಿನ ವಿಷಯ ಅವನಿಗೆ ಗೊತ್ತಿಲ್ಲ. ಕೇಳಿದ್ದರೆ ಹೇಳುತ್ತಿದ್ದೆವೋ ಇಲ್ಲವೋ, ಅದು ಬೇರೆ ಮಾತು. ಅವನು ಕೇಳಲಿಲ್ಲ.


೧೬ ಸೆಪ್ಟೆಂಬರ್

ಗಣಪತಿ ಕಳಿಸಿದ ಮರುದಿನ. ಊರ ತುಂಬ ಗುಲಾಲು. ರೇಣು ಹಾಸಿಗೆಯಲ್ಲಿ ಕೂತೇ ಇದ್ದಾಳೆ, ಮಲಗಲು ಆಗುತ್ತಿಲ್ಲ, ಎದೆಯೊಳಗೆ ಸಿಳ್ಳೆ. ಗುಲಾಲು ಎರಚಿದವರ ಕೈ ಬಿದ್ದು ಹೋಗಲಿ.


೨೮ ಸೆಪ್ಟೆಂಬರ್, ಭಾನುವಾರ

ಇವತ್ತು ಕ್ಯಾಂಪಿನ ಮೈದಾನದಲ್ಲಿ ತಯಾರಿಯ ಪಂದ್ಯ. ನಾನು ಹೋಗುವವಳೇ ಅಲ್ಲ, ಅಂಬಾಬಾಯಿ ಎಳೆದುಕೊಂಡು ಹೋದಳು. ಹೋಗಿ ನೋಡಿದರೆ ನಮ್ಮ ಸಮಾಜದವರೇ ಒಂದು ಸಾಲು ಕೂತಿದ್ದಾರೆ. ಬಟ್ಟೆ ಅಂಗಡಿಯವರು, ಅವರ ಸೊಸೆಯಂದಿರು, ಸೊಲ್ಲಾಪುರದಿಂದ ಬಂದ ಅವರ ಬೀಗರು. ಇವರಿಗೆಲ್ಲ ಖೋ-ಖೋ ಯಾವಾಗಿನಿಂದ ಬೇಕಾಯಿತೋ.

ಪಂದ್ಯ ಶುರುವಾಗುವ ಮೊದಲು ರೇಣು ಸಂಡಾಸದ ಕಡೆ ಓಡಿದಳು. ಅದಕ್ಕೆ ಬೀಗ. ಕೀಲಿಯವನು ಊಟಕ್ಕೆ ಹೋಗಿದ್ದಾನಂತೆ. ತಿರುಗಿ ನನ್ನ ಹತ್ತಿರ ಬಂದಳು, ಕೈ ಬ್ಯಾಗಿನೊಳಗೆ ಹೋಯಿತು. ಎದುರಿಗೇ ಸೊಲ್ಲಾಪುರದ ಬೀಗಿತಿ ನಮ್ಮನ್ನೇ ನೋಡುತ್ತಾ ಕೂತಿದ್ದಾಳೆ. ನಾನು ಕಣ್ಣಿನಲ್ಲೇ ಬೇಡ ಎಂದೆ. ರೇಣು ಕೈ ಹೊರಗೆ ತೆಗೆದು ಹೋಗಿಬಿಟ್ಟಳು.

ಓಡುವ ಸರದಿಗೆ ಇಳಿದು ಒಂದು ನಿಮಿಷವೂ ಆಗಿರಲಿಲ್ಲ, ಕಂಬ ಹಿಡಿದು ನಿಂತುಬಿಟ್ಟಳು. ಬೆನ್ನಟ್ಟಿದವಳು ನಿಧಾನವಾಗಿ ಬಂದು ಮುಟ್ಟಿ ಹೋದಳು, ಗೋಡೆ ಮುಟ್ಟಿದ ಹಾಗೆ. ಜನ ನಕ್ಕರು. ಧುಮಾಳ ಎಲ್ಲರಿಗೂ ಕೇಳುವಂತೆ "ಹಿಚ್ಯಾತ್ ಜೋರಚ್ ನಾಹೀ!" ಎಂದು ಒದರಿದ. ಇವಳಲ್ಲಿ ಶಕ್ತಿಯೇ ಇಲ್ಲವಂತೆ. ಸೋಮಾರಿಯಂತೆ. ಊಟ ಜಾಸ್ತಿಯಂತೆ.

ನನ್ನ ಮೈ ಉರಿದುಹೋಯಿತು. ಉಸಿರು ಸಿಗದೆ ಒದ್ದಾಡುವ ಹುಡುಗಿಯನ್ನು ಸೋಮಾರಿ ಎನ್ನುವವನಿಗೆ ಕೋಚ್ ಎಂದು ಹೆಸರಿಟ್ಟವರು ಯಾರು? ಎರಡು ವರ್ಷದಿಂದ ನೋಡುತ್ತಿದ್ದಾನೆ, ಅವಳಿಗೆ ಏನಾಗಿದೆ ಎಂದು ಅವನಿಗೆ ತಿಳಿಯಬೇಡವೇ? ಕಣ್ಣಿದೆಯೋ ಬಟಾಟೆ ಇದೆಯೋ? ಆ ಕೀಲಿಯವನೂ ಅಷ್ಟೆ. ಪಂದ್ಯದ ದಿನ ಊಟಕ್ಕೆ ಹೋಗುವ ಹೊತ್ತೇ ಅದು? ಇಬ್ಬರೂ ಸೇರಿ ನನ್ನ ಮಗಳ ಮಾನ ಕಳೆದರು.

ಬಸ್ಸಿನಲ್ಲಿ ರೇಣು ನನ್ನ ಪಕ್ಕ ಕೂರಲಿಲ್ಲ.


೩೦ ಸೆಪ್ಟೆಂಬರ್

ರೇಣು ತಾನೇ ಹೋಗಿ ಧುಮಾಳನಿಗೆ ಹೇಳಿಬಿಟ್ಟಿದ್ದಾಳೆ! ನನ್ನನ್ನು ಒಂದು ಮಾತು ಕೇಳದೆ!

ಅವನು ಮೊದಲು ಮುಟ್ಟಿಸಿಕೊಂಡು ಔಟಾದವನ ಹಾಗೆ ನಿಂತನಂತೆ. ಆಮೇಲೆ ಎರಡು ವರ್ಷ ನನ್ನಿಂದ ಮುಚ್ಚಿಟ್ಟಿರಿ, ಬೆಟ್ಟ ಹತ್ತಿಸಿದೆ, ಬಿಸಿಲಲ್ಲಿ ಓಡಿಸಿದೆ, ಏನಾದರೂ ಆಗಿದ್ದರೆ ನಾನು ನೇಣು ಹಾಕಿಕೊಳ್ಳಬೇಕಿತ್ತೇ ಎಂದು ಕೂಗಾಡಿದನಂತೆ. ಕೊನೆಗೆ ಶಿಬಿರದಿಂದ ಹೆಸರು ತೆಗೆದಿದ್ದಾನೆ. ಆಯ್ಕೆ ಸಮಿತಿಯವರೂ ಹೌದು ಹೌದು ಎಂದರಂತೆ, ಜವಾಬ್ದಾರಿ ಯಾರದು ಎಂದರಂತೆ. ರೋಗ ಇರುವವರಿಗೆ ಕೇರಂ ಇದೆ ಎಂದು ಒಬ್ಬ ಹೇಳಿದನಂತೆ.

ಕೇರಂ! ಅವನ ಮನೆಯಲ್ಲಿ ಎಲ್ಲರಿಗೂ ಗೂಟದಂಥ ಆರೋಗ್ಯ ಇರಬೇಕು.

ರೇಣು ಅಳಲಿಲ್ಲ. ಬೂಟು ತೊಳೆದು ಒಣಗಿಸಿ ಅಟ್ಟದ ಮೇಲಿಟ್ಟಳು. "ಅವ್ವಾ, ಇನ್ನ ನಿನಗ ಹೆದರಿಕಿ ಇಲ್ಲ. ಯಾರಿಗೂ ಗೊತ್ತಾಗೂದಿಲ್ಲ" ಎಂದಳು. ಎಷ್ಟು ತಣ್ಣಗೆ ಹೇಳಿದಳೆಂದರೆ ನನಗೆ ರೊಟ್ಟಿ ಬಡಿಯಲು ಕೈ ಬರಲಿಲ್ಲ. ಮಕ್ಕಳು ತಾಯಿಗೆ ಹೀಗೆ ಮಾತಾಡಬಾರದು.


೩ ಅಕ್ಟೋಬರ್

ರೇಣು ಊಟ ಮಾಡುತ್ತಾಳೆ, ಕಾಲೇಜಿಗೆ ಹೋಗುತ್ತಾಳೆ, ಬರುತ್ತಾಳೆ. ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ. ಇವರಿಗೆ ಹೇಳಿದೆ. "ನೀನ ಬ್ಯಾಡಂದಿದ್ದಿ ಆಟ. ಈಗ ಬಿಟ್ಟಾಳ. ಮತ್ತೇನ್ ಬೇಕು?" ಎಂದರು. ವರ್ಷಕ್ಕೊಮ್ಮೆ ಬಾಯಿ ತೆರೆಯುವುದು, ಅದೂ ಇಂಥ ಮಾತಿಗೆ.

ಸಂಜೆ ನಾನೇ ಮೈದಾನಕ್ಕೆ ಹೋದೆ. ಹುಡುಗಿಯರು ಸಾಲಾಗಿ ಕೂತಿದ್ದರು, ಒಬ್ಬಳ ಮುಖ ಆಕಡೆ, ಒಬ್ಬಳದು ಈಕಡೆ. ಧುಮಾಳನಿಗೆ ನನಗೆ ತಿಳಿದಷ್ಟು ಮರಾಠಿಯಲ್ಲಿ ಎಲ್ಲ ಹೇಳಿದೆ. ಪರೀಕ್ಷೆ ಪಾಸಾದ ಡಾಕ್ಟರೇ ಆಡಲಿ ಅಂದಿದ್ದಾಳೆ, ಸೀಟಿ ಊದುವ ನಿಮಗೆ ಹೆಚ್ಚು ತಿಳಿಯುತ್ತದೆಯೋ ಎಂದೆ. ಆಟಕ್ಕೆ ಮುಂಚೆ ಪಂಪು ಎಳೆದರೆ ಅವಳು ನಿಮ್ಮ ಎಲ್ಲ ಹುಡುಗಿಯರಿಗಿಂತ ಮುಂದೆ, ನೀವೇ ಹೇಳಿದ್ದಿರಲ್ಲ ಅವಳ ಕಾಲು ಮೀನು ಅಂತ ಎಂದೆ.

"ಕಾಕೂ, ಉದ್ಯಾ ಕಾಹೀ ಝಾಲಂ ತರ್?" ಎಂದ. ನಾಳೆ ಏನಾದರೂ ಆದರೆ ಎಂದು. ನೋಡಿಕೊಳ್ಳುವವರು ಯಾರು, ನನಗೆ ಹನ್ನೆರಡು ಹುಡುಗಿಯರು, ಒಬ್ಬಳ ಉಸಿರು ಎಣಿಸುತ್ತಾ ಕೂರಲು ಆಗುವುದಿಲ್ಲ ಎಂದ.

ನಾನು ಕೂರುತ್ತೇನೆ ಎಂದೆ. ಸಿಟ್ಟಿನಲ್ಲಿ ಬಾಯಿಂದ ಬಂದದ್ದು. ದಿನಾಲೂ ಬಂದು ಪಂಪು ಹಿಡಿದು ಕೂರುತ್ತೇನೆ, ಮಗಳು ನನ್ನವಳು, ಉಸಿರು ನಾನೇ ಎಣಿಸುತ್ತೇನೆ ಎಂದೆ. ಅವನು ಮೀಸೆ ಎಳೆದುಕೊಂಡ. ಒಂದು ದಿನ ನೀವು ಬರದಿದ್ದರೂ ಆ ದಿನ ಅವಳು ಆಡುವುದಿಲ್ಲ ಎಂದ.

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ, ಕೊಬ್ಬು.


೧೩ ಅಕ್ಟೋಬರ್

ಮೈದಾನದ ಕಲ್ಲುಬೆಂಚು ಸೊಂಟಕ್ಕೆ ಶತ್ರು. ಧೂಳು ಸೀರೆಯ ನೆರಿಗೆಯೊಳಗೆಲ್ಲ. ಹೋಗುವ ಬರುವ ಹೆಂಗಸರು ಯಾಕೆ ಕೂತಿದ್ದೀರಿ ಎಂದು ಕೇಳುತ್ತಾರೆ, ಗಾಳಿಗೆ ಎನ್ನುತ್ತೇನೆ. ಪಂಪನ್ನು ಸೆರಗಿನೊಳಗೆ ಮುಚ್ಚಿ ಕೊಡುತ್ತೇನೆ. ರೇಣು ಬೆನ್ನು ತಿರುಗಿಸಿ ಎಳೆದುಕೊಂಡು ಓಡುತ್ತಾಳೆ.

ಈ ಆಟಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ. ಬೆನ್ನಟ್ಟುವವಳು ಒಂದೇ ದಿಕ್ಕಿಗೆ ಓಡಬೇಕು, ಸಾಲು ದಾಟಬಾರದು. ದಾಟಬೇಕೆಂದರೆ ಕೂತವಳೊಬ್ಬಳ ಬೆನ್ನಿಗೆ ತಟ್ಟಿ ಖೋ ಎನ್ನಬೇಕು, ಆಗ ಅವಳು ಏಳುತ್ತಾಳೆ, ಇವಳು ಅಲ್ಲಿ ಕೂರುತ್ತಾಳೆ. ಓಡುವವರು ಮಾತ್ರ ಎಲ್ಲಿ ಬೇಕಾದರೂ ನುಸುಳಬಹುದು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಓಡುವವರನ್ನು ಮೂರು ಮೂರು ಜನರ ಗುಂಪಾಗಿ ಇಳಿಸುತ್ತಾರೆ. ಇದನ್ನು ನೋಡಲು ಜನ ರೊಟ್ಟಿ ಬಿಟ್ಟು ಬರುತ್ತಾರಂತೆ.


೨೪ ಅಕ್ಟೋಬರ್

ಸಾತಾರಾದ ಕಡೆಯಿಂದ ಬಂದ ಆ ಉದ್ದ ಹುಡುಗಿ ಖೋ ಕೊಡುವಾಗ ಕೈ ತಗುಲಿಸುವುದೇ ಇಲ್ಲ, ಬರೀ ಬಾಯಲ್ಲಿ ಒದರುತ್ತಾಳೆ. ಧುಮಾಳನಿಗೆ ಕಾಣುವುದಿಲ್ಲ. ನನಗೆ ಬೆಂಚಿನಿಂದ ಕಾಣುತ್ತದೆ. ಇವತ್ತು ಎದ್ದು ನಿಂತು ಹೇಳಿದೆ.


೩೦ ಅಕ್ಟೋಬರ್, ದೀಪಾವಳಿ

ಬೆಳಿಗ್ಗೆಯಿಂದ ಪಟಾಕಿ. ರೇಣುವಿನ ಎದೆ ಭಾವಿಯ ಗಡಗಡೆಯ ಹಾಗೆ ಶಬ್ದ ಮಾಡುತ್ತಿತ್ತು. ಕೆಳಗಿನ ಮನೆಯವರ ಹತ್ತಿರ ಹೋಗಿ ಸರಮಾಲೆ ಹಚ್ಚುವುದಿದ್ದರೆ ನಿಮ್ಮ ಅಡುಗೆಮನೆಯಲ್ಲಿ ಹಚ್ಚಿಕೊಳ್ಳಿ ಎಂದು ಬೈದು ಬಂದೆ. ಹಬ್ಬದ ದಿನ ಹೀಗೆಲ್ಲ ಮಾತಾಡುತ್ತೀರಾ ಎಂದರು. ಹಬ್ಬದ ದಿನ ಉಸಿರಾಡುವುದು ಬೇಡವೇ ಎಂದೆ.

ಮೇಲೆ ಬಂದರೆ ಮನೆಯೊಳಗೆ ಕಣ್ಣು ಬಿಡಲಾಗದಷ್ಟು ಹೊಗೆ. ಲಕ್ಷ್ಮೀಪೂಜೆಗೆ ಅತ್ತೆ ಬಸವಣ್ಣೆವ್ವ ಧೂಪ ಹಾಕಿ ಕೂತಿದ್ದಾರೆ. ರೇಣು ಕಿಟಕಿಯ ಸರಳು ಹಿಡಿದು ನಿಂತಿದ್ದಾಳೆ, ಭುಜ ಮೇಲೆ ಕೆಳಗೆ, ಮೇಲೆ ಕೆಳಗೆ. ಧೂಪಾರತಿಯನ್ನು ಬಟ್ಟೆಯಲ್ಲಿ ಹಿಡಿದು ಗ್ಯಾಲರಿಗೆ ಒಯ್ದು, ಕೆಂಡದ ಮೇಲೆ ನೀರು ಸುರಿದೆ.

"ಅಯ್ಯ, ಲಕ್ಷ್ಮೀ ಮುಂದಿನ ಕೆಂಡ ಆರಸ್ತಿಯಲ್ಲ!" ಎಂದು ಅತ್ತೆ ಎದೆ ಬಡಿದುಕೊಂಡರು.

"ಆಕೀನೂ ಕೆಮ್ಮಲಿಕತ್ತಿದ್ಲು, ಅದಕ್ಕ" ಎಂದೆ.

ಈಗಿನ ಅಂಗಡಿಯವರು ಧೂಪದಲ್ಲಿ ಏನೇನೋ ಪುಡಿ ಬೆರೆಸುತ್ತಾರೆ. ಮೊದಲಿನ ಧೂಪವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆ ಅಂಗಡಿಯವನಿಗೆ ನಾಳೆ ಚೆನ್ನಾಗಿ ಕೇಳುತ್ತೇನೆ. ಅತ್ತೆ ಮಾತು ಬಿಟ್ಟಿದ್ದಾರೆ. ಈಗ ಮನೆಯಲ್ಲಿ ಮಾತಾಡುವವಳು ನಾನೊಬ್ಬಳೇ.


೩ ನವೆಂಬರ್

ಸೋಮವಾರ. ಇವತ್ತು ಧೂಪ ಹಾಕಲಿಲ್ಲ, ತರಲು ಮರೆತಿದ್ದೆ.


೧೭ ನವೆಂಬರ್

ಧುಮಾಳ ರೇಣುವನ್ನು ಮೊದಲ ಗುಂಪಿನಲ್ಲಿ ಇಳಿಸುತ್ತೇನೆ ಎನ್ನುತ್ತಾನೆ. ತಲೆ ಕೆಟ್ಟಿದೆ. ಕೊನೆಯ ಗುಂಪಿನಲ್ಲಿ ಇಳಿಸಬೇಕು, ಅಷ್ಟು ಹೊತ್ತು ವಿಶ್ರಾಂತಿ ಸಿಗುತ್ತದೆ ಎಂದು ಎಲ್ಲರ ಎದುರೇ ಹೇಳಿದೆ. ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ರೇಣು ಬಂದು ಸಣ್ಣ ದನಿಯಲ್ಲಿ "ಅವ್ವಾ, ಥಂಡಿಯೊಳಗ ಕಾಯ್ಕೋತ ಕೂತ್ರ ಎದಿ ಹಿಡೀತದ. ಬಿಸಿ ಮೈಲೇ ಇಳಿದ್ರ ಛಲೋ" ಎಂದಳು.

ಇವತ್ತು ಮೊದಲ ಗುಂಪಿನಲ್ಲಿ ಆಡಿದಳು. ಯಾರೂ ಮುಟ್ಟಲಾಗಲಿಲ್ಲ. ಸಾಲಿನೊಳಗೆ ಹಾವಿನ ಹಾಗೆ ಹೋದಳು, ಕೊನೆಯ ಗಳಿಗೆಯಲ್ಲಿ ಸೊಂಟ ಹಿಂದೆಳೆದು ಕೈ ತಪ್ಪಿಸಿದಳು. ನನಗಂತೂ ಮೊದಲಿನಿಂದಲೂ ಮೊದಲ ಗುಂಪೇ ಸರಿ ಅನ್ನಿಸಿತ್ತು.


೨ ಡಿಸೆಂಬರ್

ತಂಡದ ಪಟ್ಟಿ ಗೋಡೆಗೆ ಹಚ್ಚಿದ್ದಾರೆ. ರೇಣು ಇದ್ದಾಳೆ. ಸಮಿತಿಯ ಆ ಕೇರಂನವನು ಬಂದು "ಬಘಾ ಕಾಕೂ, ಘೇತಲಂ" ಎಂದ, ನೋಡಿ ತೆಗೆದುಕೊಂಡೆವು ಎಂದು, ದಾನ ಕೊಟ್ಟವನ ಹಾಗೆ. ನೀವೇನು ತೆಗೆದುಕೊಂಡದ್ದು, ಅವಳು ಓಡಿ ತೆಗೆದುಕೊಂಡದ್ದು ಎಂದೆ.


೮ ಡಿಸೆಂಬರ್

ಚಳಿ. ಪಂಪು ಕೈಯಲ್ಲಿ ತಣ್ಣಗಾದರೆ ಸರಿಯಾಗಿ ಬರುವುದಿಲ್ಲ ಎಂದು ಅಂಗೈಯಲ್ಲಿ ಹಿಡಿದೇ ಕೂತಿರುತ್ತೇನೆ. ಪಕ್ಕದ ಹೆಂಗಸು ಏನದು ಎಂದಳು. ಆಟ ನೋಡ್ರಿ ಎಂದೆ. ಎಂಥ ಹೊತ್ತಿನಲ್ಲಿ ಮಾತಾಡಿಸುತ್ತಾರೆ ಜನ, ಉದ್ದ ಹುಡುಗಿ ಕಂಬದ ಹತ್ತಿರ ಜಿಗಿಯುವುದರಲ್ಲಿದ್ದಳು.


೨೨ ಡಿಸೆಂಬರ್, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತೂ ಸಿಟ್ಟು ಇಳಿದಿಲ್ಲ.

ನಿನ್ನೆ ರಾಜ್ಯದ ಪಂದ್ಯದ ಅಂತಿಮ ಆಟ. ಕ್ಯಾಂಪಿನ ದೊಡ್ಡ ಮೈದಾನ, ಶಾಮಿಯಾನ, ಮೈಕು, ಜನವೋ ಜನ. ನಮ್ಮ ಸಮಾಜದವರು ಗಾಡಿ ಮಾಡಿಕೊಂಡು ಬಂದಿದ್ದರು. ಇವರೂ ಬಂದಿದ್ದರು, ಪೇಪರು ಬಿಟ್ಟು. ಕೊನೆಯ ಸರದಿ ಉಳಿದಾಗ ನಾವು ಮುಂದಿದ್ದೆವು. ನಮ್ಮವರು ಓಡಬೇಕು, ಅವರು ಹಿಡಿಯಬೇಕು. ಅವರು ಆರು ಜನರನ್ನು ಹಿಡಿದರೆ ಅವರು ಗೆದ್ದಂತೆ. ಅಂದರೆ ಮೊದಲ ಗುಂಪು ಎಷ್ಟು ಹೊತ್ತು ತಿನ್ನುತ್ತದೆ ಎನ್ನುವುದರ ಮೇಲೆ ಎಲ್ಲ. ಮೊದಲ ಗುಂಪಿನಲ್ಲಿ ರೇಣು.

ನಡುವಿನ ಬಿಡುವಿನಲ್ಲಿ ಅವಳಿಗೆ ಪಂಪು ಕೊಟ್ಟೆ. ಎಳೆದುಕೊಂಡಳು. ಆಗ ಎದುರು ತಂಡದ ಮ್ಯಾನೇಜರ್, ಸಫಾರಿ ಸೂಟಿನ ಮನುಷ್ಯ, ಓಡಿ ಬಂದು ಪಂಚರ, ಅಂದರೆ ಅಂಪೈರುಗಳ, ಮೇಜಿನ ಹತ್ತಿರ ಕೈ ಬೀಸಿ ಕೂಗತೊಡಗಿದ. ಆ ಹುಡುಗಿಗೆ ಏನೋ ಮತ್ತಿನ ಔಷಧ ಕೊಟ್ಟು ಆಡಿಸುತ್ತಿದ್ದಾರೆ, ಮೂರು ದಿನದಿಂದ ನೋಡುತ್ತಿದ್ದೇನೆ, ಅದಕ್ಕೇ ಅವಳು ಹಾಗೆ ಓಡುವುದು, ಅವಳನ್ನು ಹೊರಗೆ ಹಾಕಿ ಎಂದು. ಪಂಚ ಬಂದು ನನ್ನ ಕೈಯಿಂದ ಪಂಪು ತೆಗೆದುಕೊಂಡ. ಮೂಸಿ ನೋಡಿದ! ವಿಚಾರಣೆ ಆಗುವ ತನಕ ಇದು ನಮ್ಮ ಹತ್ತಿರ ಇರಲಿ, ಹುಡುಗಿ ಹೊರಗೆ ಕೂರಲಿ ಎಂದ.

ನಾನು ಅವನ ಹಿಂದೆಯೇ ಮೇಜಿಗೆ ಹೋದೆ. ಮರಾಠಿಯಲ್ಲೇ ಶುರು ಮಾಡಿದ್ದೆ, ಅರ್ಧಕ್ಕೆ ಮರಾಠಿ ಮುಗಿದುಹೋಯಿತು.

"ಏನ್ ನಶಾನೋ? ಯಾರಿಗೆ ಅಂತೀಯೋ? ನನ್ನ ಮಗಳಿಗೆ ದಮ್ಮದ! ಏಳು ವರ್ಷದಾಕಿ ಇದ್ದಾಗಿಂದ ದಮ್ಮದ! ನಿಮ್ಮ ಹುಡುಗ್ಯಾರು ಹುಟ್ಟಿದಾಗಿಂದ ಪುಕ್ಕಟ ತೊಗೊಳ್ಳೂ ಉಸಿರು ಈಕಿ ಗಳಿಸಿ ತೊಗೊಳ್ತಾಳ. ಈ ಪಂಪು ಆಕೀನ್ನ ನಿಮ್ಮ ಹುಡುಗ್ಯಾರ ಸಮ ತಂದು ನಿಲ್ಲಸ್ತದ, ಅಷ್ಟ. ಅಲ್ಲಿಂದ ಮುಂದ ಓಡೂದು ಆಕೀ ಕಾಲು. ಮುಚ್ಚೂವಂಥಾದ್ದು ಏನದ ಇದರಾಗ? ರೇಣೂಗೆ ದಮ್ಮದ, ಕೇಳ್ರಿ ಎಲ್ಲಾರೂ, ದಮ್ಮದ! ಆದ್ರೂ ನಿಮ್ಮ ಕೈಗೆ ಸಿಗೂದಿಲ್ಲ ಆಕಿ!"

ಮೇಜಿನ ಮೇಲಿದ್ದ ಮೈಕು ಚಾಲೂ ಇದ್ದದ್ದು ನನಗೇನು ಗೊತ್ತು? ನನ್ನ ದನಿ ಮೈದಾನದ ನಾಲ್ಕೂ ಮೂಲೆಯ ಭೋಂಗಾದಿಂದ ನನಗೇ ತಿರುಗಿ ಬಂತು. ಧುಮಾಳ ಓಡಿ ಬಂದು ಅದನ್ನೆಲ್ಲ ಮರಾಠಿಯಲ್ಲಿ ಹೇಳಿದ, ಅವನೂ ಮೈಕಿನಲ್ಲೇ. ನಾನು ಬೈದದ್ದಕ್ಕಿಂತ ಎರಡು ಬೈಗುಳ ಹೆಚ್ಚೇ ಸೇರಿಸಿದ ಎಂದು ಕಾಣುತ್ತದೆ. ಶಾಮಿಯಾನದ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು. ಪ್ರೇಕ್ಷಕರಲ್ಲಿ ಒಬ್ಬ ಡಾಕ್ಟರು ಇದ್ದರು, ಬಂದು ಪಂಪು ನೋಡಿ, ನನ್ನ ತಂದೆಯೂ ಇದನ್ನೇ ತೆಗೆದುಕೊಳ್ಳುತ್ತಾರೆ, ಅವರು ಇನ್ನೂ ಖೋ-ಖೋ ಆಡಲು ಶುರು ಮಾಡಿಲ್ಲ ಎಂದರು. ಪಂಚ ಪಂಪು ತಿರುಗಿ ಕೊಟ್ಟ. ಕೊಡದಿದ್ದರೆ ಕಿತ್ತುಕೊಳ್ಳುತ್ತಿದ್ದೆ.

ರೇಣು ನನ್ನನ್ನೇ ನೋಡುತ್ತಾ ನಿಂತಿದ್ದಳು. ಏನು ನೋಡುತ್ತೀ, ಸರದಿ ಶುರುವಾಯಿತು, ಹೋಗು ಎಂದೆ.

ಗುಂಪಿನ ಉಳಿದ ಇಬ್ಬರು ಬೇಗ ಔಟಾದರು. ರೇಣು ಒಬ್ಬಳೇ ಉಳಿದಳು, ಎದುರಿಗೆ ಅವರ ಇಡೀ ಸಾಲು. ಖೋ, ಖೋ, ಖೋ. ಈ ಕಂಬ, ಆ ಕಂಬ. ಒಮ್ಮೆ ಕೈ ಅವಳ ಜಡೆಗೆ ತಗುಲಿತೋ ಇಲ್ಲವೋ, ನಾನು ಕಣ್ಣು ಮುಚ್ಚಿದೆ. ತೆಗೆದರೆ ಇನ್ನೂ ಓಡುತ್ತಿದ್ದಾಳೆ. ಬಾಯಿ ತೆರೆದಿತ್ತು, ಭುಜ ಏಳುತ್ತಿತ್ತು. ನಾನು ಅಂಚಿನವರೆಗೆ ಓಡಿ ಹೋಗಿದ್ದೆ, ಧುಮಾಳ ಸೆರಗು ಹಿಡಿದು ಎಳೆದ. ಬೇಕಾದರೆ ಔಟ್ ಆಗು, ಬಾ ಎಂದು ಕೂಗಿದೆ. ಅವಳು ಒಲ್ಲೆ ಎಂದು ತಲೆಯಾಡಿಸಿದಳು, ಓಡುತ್ತಲೇ. ಎರಡು ತಿಂಗಳು ಎಣಿಸಿದ್ದೇನೆ ಆ ಉಸಿರನ್ನು. ಅದು ದಮ್ಮಿನ ಉಸಿರಲ್ಲ, ದಣಿವಿನ ಉಸಿರು ಎಂದು ನನಗೆ ಅಂಚಿನಿಂದಲೇ ತಿಳಿಯಿತು. ಆಗ ಓಡು ಎಂದೆ.

ಕೊನೆಗೆ ಅವರ ಹುಡುಗಿ ಕಂಬಕ್ಕೆ ಹಾರಿ, ಮಣ್ಣಿನಲ್ಲಿ ಉರುಳಿ ಅವಳ ಹಿಮ್ಮಡಿ ಮುಟ್ಟಿದಳು. ಅಷ್ಟರಲ್ಲಿ ಹೊತ್ತು ಮುಗಿಯುತ್ತಾ ಬಂದಿತ್ತು. ಎರಡನೇ ಗುಂಪಿನ ಹುಡುಗಿಯರು ಉಳಿದದ್ದನ್ನು ತಿಂದುಹಾಕಿದರು. ಪುಣೆ ಗೆದ್ದಿತು. ಅದೇ ಮೈಕಿನಲ್ಲಿ ಮಹಾರಾಷ್ಟ್ರದ ತಂಡದ ಹೆಸರು ಓದಿದರು, ರೇಣುವಿನದು ಮೂರನೆಯದು. ಅವಳಿಗೂ ಮುಂಚೆ ಎರಡು ಹೆಸರು ಯಾಕೆ ಎಂದು ನಾನು ಕೇಳಬೇಕೆಂದಿದ್ದೆ, ಇವರು ಕೈ ಹಿಡಿದುಕೊಂಡರು. ಇವರ ಕಣ್ಣು ಒದ್ದೆಯಾಗಿತ್ತು. ನನಗೂ ಅಳು ಬಂತು. ತಡೆಯಲಿಲ್ಲ, ಚೆನ್ನಾಗಿ ಅತ್ತುಬಿಟ್ಟೆ.


೨೩ ಡಿಸೆಂಬರ್

ಬೆಳಿಗ್ಗೆಯೇ ಅಂಬಾಬಾಯಿ ಬಂದಳು. ಹುಡುಗಿ ಗೆದ್ದಳು ಎಂದು ಒಂದು ಪೇಢೆ ಇಲ್ಲ, ಬರೀ ಬಾಯಿ. "ವೈನಿ, ಭೋಂಗಾದಾಗ ಒದರೀರಲ್ರಿ! ಸೊಲ್ಲಾಪುರದವರು ಅಲ್ಲೇ ಕೂತಿದ್ರು. ಇನ್ನ ಯಾರ್ ಮಾಡ್ಕೋತಾರ ಈಕೀನ್ನ?"

"ಉಸಿರಾಡೋದನ್ನ ನೋಡಿ ಹೆದರಾವ್ರು ನಮಗೂ ಬ್ಯಾಡ" ಎಂದೆ. ಅತ್ತೆ ಜಪದಿಂದ ಕಣ್ಣು ತೆರೆದು, ಎರಡು ತಿಂಗಳ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿ, "ಅಂಬವ್ವಗ ಚಾ ಮಾಡು, ಬಾಯಿ ಸುಮ್ಮನಾಗ್ತದ" ಎಂದರು. ಅಂಬಾಬಾಯಿ ಚಹಾ ಕುಡಿಯದೆ ಹೋದಳು.

ಅದಲ್ಲ ನಾನು ಬರೆಯಬೇಕೆಂದಿದ್ದು. ಸಂಜೆ ರೇಣು ಜೊತೆ ಮೈದಾನಕ್ಕೆ ಹೋದಾಗ ಬೆಂಚಿನ ಹತ್ತಿರ ಒಬ್ಬಳು ಕಾಯುತ್ತಾ ನಿಂತಿದ್ದಳು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೂದಲಲ್ಲಿ ಸಿಮೆಂಟು. ಹುಲಿಗೆವ್ವ ಅಂತ ಹೆಸರು, ರಾಯಚೂರ ಕಡೆಯವಳು. ಕೊಂಢವಾದಲ್ಲಿ ಮನೆ, ಕ್ಯಾಂಪಿನ ಆ ಮೈದಾನದ ಪಕ್ಕದ ಕಟ್ಟಡದಲ್ಲಿ ಕೆಲಸ. ಖಡಕಿಯವಳು ನಾನು ಎಂದು ಯಾರನ್ನೋ ಕೇಳಿ ಎರಡು ಬಸ್ಸು ಬದಲಿಸಿ ಬಂದಿದ್ದಾಳೆ.

"ಅಕ್ಕಾರ, ಮೂರನೇ ಮಾಳಿಗಿ ಮ್ಯಾಲಿದ್ದೆ. ಭೋಂಗಾದಾಗ ಕನ್ನಡ ಕೇಳಿ ಬುಟ್ಟಿ ಇಳಿಸಿ ನಿಂತೆ" ಎಂದಳು. ಆಮೇಲೆ ಆಚೆ ಈಚೆ ನೋಡಿ, ದನಿ ಇಳಿಸಿದಳು. "ನಮ್ಮ ಹುಡುಗಿಗೂ ಅದಾ ಐತ್ರಿ. ಶಿವಕಾಂತಾ ಅಂತ. ಸಾಲಿಯಾಗ ಓಟಕ್ಕ ಎಲ್ಲಾರಿಗಿಂತ ಮುಂದ ಇದ್ಲು. ನಾನಾ ಬಿಡಿಸೀನ್ರಿ. ಓಡಿದ್ರ ತೇಕತಾಳ, ಮಂದಿ ನೋಡ್ತಾರ. ಔಷಧಾನೂ ಮಂದಿ ಮುಂದ ಕೊಡಂಗಿಲ್ಲ. ಅದರ ಹೆಸರು ಒಂದಿಷ್ಟು ಹೇಳ್ರಿ. ಆದ್ರ ಯಾರ ಮುಂದೂ ಅನಬ್ಯಾಡ್ರಿ ಅಕ್ಕಾರ, ನಾಳೆ ಲಗ್ನದ್ದು..."

ನನಗೆ ಎಲ್ಲಿತ್ತೋ ಸಿಟ್ಟು. ಅನಬಾರದಂತೆ! ಮಗಳ ಉಸಿರು ಹೋದರೂ ಸರಿ, ಮಂದಿಯ ಬಾಯಿಗೆ ಬೀಳಬಾರದಂತೆ! ಓಡುವ ಹುಡುಗಿಯನ್ನು ತಂದು ಮೂಲೆಯಲ್ಲಿ ಕೂರಿಸಿದ್ದಾಳೆ, ಔಷಧವನ್ನು ಕದ್ದ ಮಾಲಿನ ಹಾಗೆ ಮುಚ್ಚಿ ಕೊಡುತ್ತಾಳೆ. "ನೀ ತಾಯೇನ? ಮಂದೀ ಕಣ್ಣು ದೊಡ್ಡದೋ ಕೂಸಿನ ಎದಿ ದೊಡ್ಡದೋ?" ಎಂದು ಮೈದಾನದ ಮಂದಿಯೆಲ್ಲ ತಿರುಗಿ ನೋಡುವಂತೆ ಬೈದೆ. ಪಾಪ, ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಅಳತೊಡಗಿದಳು. ಪಕ್ಕದಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ರೇಣು ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಏನು ಎಂದೆ. "ಏನಿಲ್ಲವ್ವಾ" ಎಂದು ಎದ್ದು ಬಂದು, ಎಲ್ಲರ ಎದುರಿಗೆ ನನ್ನ ಕೊರಳು ತಬ್ಬಿಕೊಂಡಳು. ಬೆವರು, ಮಣ್ಣು, ಎಲ್ಲ ನನ್ನ ಹೊಸ ಸೀರೆಗೆ. ಯಾಕೆ ತಬ್ಬಿದಳೋ ತಿಳಿಯಲಿಲ್ಲ.

ಹುಲಿಗೆವ್ವನಿಗೆ ಗುರುವಾರ ಹುಡುಗಿಯನ್ನು ಕರೆದುಕೊಂಡು ಬಾ, ಮೊದಲು ಡಾಕ್ಟರ ಬಾಯಿಯ ಹತ್ತಿರ ಹೋಗೋಣ, ಆಮೇಲೆ ಧುಮಾಳ ಸರ್ ಹತ್ತಿರ ಎಂದಿದ್ದೇನೆ. ಬರದಿದ್ದರೆ ನಾನೇ ಕೊಂಢವಾಕ್ಕೆ ಹೋಗಿ ಎಳೆದುಕೊಂಡು ಬರುತ್ತೇನೆ. ಎಂಥೆಂಥ ತಾಯಂದಿರು ಇರುತ್ತಾರಪ್ಪ ಲೋಕದಲ್ಲಿ, ಹೇಳಿಕೊಡುವವರು ಯಾರೂ ಇಲ್ಲದೆ ಹೋದರೆ ಹೀಗಾಗುತ್ತದೆ.